ಮೊದಲ ಮೂರು ಸೆಕೆಂಡು

ಬೆಳಗಿನ ಐದೂ ಕಾಲು. ತಗಡಿನ ಶೆಡ್ಡಿನ ಮುಂದೆ ಮೂರು ಹಳೆಯ ಕಾರುಗಳು ಇಬ್ಬನಿ ಹೊದ್ದು ನಿಂತಿವೆ. ಕಂದು ಸ್ವೆಟರಿನ ತೋಳು ಮಡಚಿಕೊಂಡ ಹೆಂಗಸೊಬ್ಬರು ಟಾರ್ಚು ಹಿಡಿದು ಬರುತ್ತಾರೆ. ಅವರು ಮೊದಲು ನೋಡುವುದು ಕಾರನ್ನಲ್ಲ, ನೆಲವನ್ನು. ಮುಂದಿನ ಚಕ್ರದ ರಬ್ಬರಿನಿಂದ ಸಿಮೆಂಟಿನವರೆಗೆ ಸೀಮೆಸುಣ್ಣದ ಒಂದು ಗೆರೆ ಇಳಿದಿದೆ. ಗೆರೆ ಮುರಿದಿಲ್ಲ. ಅಂದರೆ ನಿನ್ನೆ ಸಂಜೆಯಿಂದ ಗಾಡಿ ಕದಲಿಲ್ಲ. ಆಮೇಲೆ ಜ್ವರ ನೋಡುವವರ ಹಾಗೆ ಕೈಯ ಹಿಂಬದಿಯನ್ನು ಬಾನೆಟ್ಟಿನ ಮೇಲಿಟ್ಟು ನೋಡುತ್ತಾರೆ. ತಣ್ಣಗಿದೆ.

ಬಾನೆಟ್ಟು ಎತ್ತಿ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಪಕ್ಕದ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಕೊಟ್ಟುಕೊಳ್ಳುತ್ತಾರೆ. ಎಡಗೈ ಮೇಲಕ್ಕೆ ಹೋಗುತ್ತದೆ. ಡ್ರೈವರ್ ಸೀಟಿನಲ್ಲಿ ಕೂತಿರುವ ಗಂಡನ ಕಣ್ಣು ಆ ಕೈಯ ಮೇಲೇ ಇದೆ. ಕೈ ಕೆಳಗಿಳಿದ ಕೂಡಲೇ ಅವರು ಕೀಲಿ ತಿರುಗಿಸುತ್ತಾರೆ.

ತಗಡಿನ ಡಬ್ಬಿಗೆ ಒಣ ಬಟಾಣಿ ಹಾಕಿ ಜೋರಾಗಿ ಕುಲುಕಿದಂಥ ಶಬ್ದ. ಒಂದು, ಎರಡು, ಎರಡೂವರೆ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ನು ನಯವಾಗಿ ಗುನುಗತೊಡಗುತ್ತದೆ. ಗೇಟಿನ ಬಳಿ ಚೀಲ ಹಿಡಿದು ನಿಂತ ಕಾರಿನ ಒಡತಿ, ಅದೇ, ಅದೇ ಶಬ್ದ ಎನ್ನಲು ಬಾಯಿ ತೆರೆಯುತ್ತಾಳೆ. ಸ್ವೆಟರಿನ ಹೆಂಗಸು ತಿರುಗಿಯೂ ನೋಡದೆ ಒಂದು ಬೆರಳೆತ್ತುತ್ತಾರೆ. ಆಕೆಯ ಬಾಯಿ ಮುಚ್ಚುತ್ತದೆ.

"ಆಯ್ತು, ಆಫ್ ಮಾಡಿ. ಇನ್ನು ನಾಳೆ ಬೆಳಗ್ಗೆವರೆಗೂ ಇದು ಬಾಯಿ ಬಿಡಲ್ಲ."

ಈ ಬೀದಿಯವರು ಇವರನ್ನು ಗೋಡೆಕಿವಿ ಎನ್ನುತ್ತಾರೆ. ಎದುರುಗಡೆಯ ಬಿಡಿಭಾಗದ ಅಂಗಡಿಯವನು ಮೂವತ್ತು ವರ್ಷದ ಹಿಂದೆ ಕುಹಕಕ್ಕೆಂದು ಇಟ್ಟ ಹೆಸರು ಅದು. ಈಗ ಅವನೇ ಗಿರಾಕಿಗಳಿಗೆ, ಗೋಡೆಕಿವಿ ಅಕ್ಕನ ಹತ್ತಿರ ಒಂದ್ಸಲ ಕೇಳಿಸಿಕೊಂಡು ಬನ್ನಿ, ಆಮೇಲೆ ಸಾಮಾನು ಕೊಡ್ತೀನಿ ಎನ್ನುತ್ತಾನಂತೆ. ಹಳೆಯ ಕಾರುಗಳು ತಣ್ಣಗಿದ್ದಾಗ ಮಾಡುವ ಚೈನಿನ ಸದ್ದು ಕೇಳಿ, ರೋಗ ಯಾವುದೆಂದು ಹೇಳುವುದು ಇವರ ಕೆಲಸ. ವಯಸ್ಸು ಐವತ್ತಾರು.

ಎಂಜಿನ್ನಿನೊಳಗೆ ಸೈಕಲ್ಲಿನದರಂಥದೇ ಒಂದು ಚೈನ್ ಇರುತ್ತದೆ. ಕೆಳಗೆ ಏಳುವ ಬೀಳುವ ಪಿಸ್ಟನ್ನಿಗೂ ಮೇಲೆ ತೆರೆಯುವ ಮುಚ್ಚುವ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಅದೇ. ಅದನ್ನು ಬಿಗಿಯಾಗಿ ಹಿಡಿಯಲು ಬೆರಳುದ್ದದ ಒಂದು ಟೆನ್ಷನರ್. ಆಯಿಲ್ ಒತ್ತಡದಿಂದ ಅದರ ಕಡ್ಡಿ ಮುಂದಕ್ಕೆ ಬಂದು ಚೈನನ್ನು ಒತ್ತುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿದ್ದರೆ, ಬೆಳಗ್ಗೆ ಅದು ಮತ್ತೆ ಮೇಲೇರುವವರೆಗೆ ಚೈನ್ ಸಡಿಲ. ಆ ಎರಡು ಮೂರು ಸೆಕೆಂಡು ಅದು ಬಡಿದುಕೊಳ್ಳುತ್ತದೆ. ಕಾರಣ ಬರೀ ಆಯಿಲನ್ನು ತಡೆದಿಡಲಾರದ ಕಳಪೆ ಫಿಲ್ಟರು ಇರಬಹುದು. ಚೈನೇ ಹಿಗ್ಗಿರಬಹುದು. ಎರಡನೆಯದಾದರೆ ಒಂದು ದಿನ ಚೈನ್ ಚಕ್ರದ ಹಲ್ಲು ತಪ್ಪಿ ಹಾರಿ, ವಾಲ್ವಿಗೆ ಪಿಸ್ಟನ್ ಗುದ್ದಿ, ಎಂಜಿನ್ನು ರಸ್ತೆಯಲ್ಲೇ ಪ್ರಾಣ ಬಿಡುತ್ತದೆ. ಕೇಳುವವರಿಗೆ ಎರಡೂ ಒಂದೇ. ಇವರಿಗೆ ಮಾತ್ರ ಸದ್ದಿನ ಬಾಲದಲ್ಲಿ ವ್ಯತ್ಯಾಸ ಕೇಳುತ್ತದೆ. ಆಯಿಲ್ಲಿನದಾದರೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಹಿಗ್ಗಿದ ಚೈನು ನಿಂತ ಮೇಲೂ ಒಳಗೊಳಗೇ ಗೊಣಗುತ್ತದೆ.

ಹತ್ತು ಗಂಟೆಗೆ ಬಂದು, ಸ್ವಲ್ಪ ಕೇಳಿ ಎನ್ನುವವರಿಗೆ ಇಲ್ಲಿ ಜಾಗವಿಲ್ಲ. ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಬೇಕು. "ಬಿಸಿಯಾದ ಎಂಜಿನ್ನು ನೆಂಟರ ಮುಂದೆ ಕೂತ ಸೊಸೆ ಇದ್ದ ಹಾಗೆ. ಏನು ಕೇಳಿದ್ರೂ ಎಲ್ಲ ಚೆನ್ನಾಗಿದೆ ಅನ್ನುತ್ತೆ. ನಿಜ ಬೇಕು ಅಂದ್ರೆ ಬೆಳಗ್ಗೆ ಏಳೋವಾಗ ಪಕ್ಕದಲ್ಲಿರಬೇಕು," ಎನ್ನುತ್ತಾರೆ. ಒಂದು ಗಾಡಿಗೆ ದಿನಕ್ಕೆ ಒಂದೇ ಅವಕಾಶ. ಬೆಳಗಿಗೆ ಎರಡೋ ಮೂರೋ, ವಾರಕ್ಕೆ ಹನ್ನೆರಡು. ಎಲ್ಲ ಸೇರಿಸಿದರೂ ನಿಜವಾಗಿ ಕೇಳುವ ಹೊತ್ತು ವಾರಕ್ಕೆ ಒಂದು ನಿಮಿಷ ದಾಟುವುದಿಲ್ಲ.

ಈ ವಿದ್ಯೆಯನ್ನು ಅವರು ಗ್ಯಾರೇಜಿನಲ್ಲಿ ಕಲಿಯಲಿಲ್ಲ, ಹಾಸಿಗೆಯಲ್ಲಿ ಕಲಿತರು. ಶೆಡ್ಡಿಗೆ ಅಂಟಿಕೊಂಡೇ ಮನೆ. ಮಲಗುವ ಕೋಣೆಯ ಗೋಡೆಯಾಚೆಗೆ ಬಾಡಿಗೆ ಕಾರುಗಳು ನಿಲ್ಲುತ್ತಿದ್ದವು. ಮದುವೆಯಾಗಿ ಬಂದ ಮರುದಿನದಿಂದ ಅವರನ್ನು ಎಬ್ಬಿಸಿದ್ದು ಆ ಕಾರುಗಳೇ. ಬೀದಿಯೆಲ್ಲ ಮೇಸ್ತ್ರಿ ಎಂದು ಕರೆಯುವ ಗಂಡ ಮಲಗಿದರೆ ಕುಂಭಕರ್ಣ, ಎಂಟಕ್ಕೆ ಮೊದಲು ಏಳುವವರಲ್ಲ. ಅಷ್ಟು ಹೊತ್ತಿಗೆ ಎಲ್ಲ ಎಂಜಿನ್ನೂ ಬಿಸಿ, ಎಲ್ಲವೂ ಸಾಚಾ. ತಣ್ಣಗಿನ ಎಂಜಿನ್ನನ್ನು ಆ ಮನೆಯಲ್ಲಿ ಕೇಳುತ್ತಿದ್ದ ಜೀವ ಒಂದೇ. ಎದ್ದು ಒಲೆ ಹಚ್ಚುವ ಮೊದಲು ಹೆಂಗಸಿಗೆ ಸಿಗುವ ಐದು ನಿಮಿಷದ ಸ್ವಂತ ಹೊತ್ತಿನಲ್ಲಿ, ಗೋಡೆಗೆ ಮುಖ ಮಾಡಿ ಮಲಗಿ, ಅವರು ಒಂದೊಂದು ಕಾರಿನ ದನಿಯನ್ನೂ ಗುರುತಿಟ್ಟುಕೊಂಡರು. ಯಾವುದು ಕೆಮ್ಮುತ್ತದೆ, ಯಾವುದು ಹಲ್ಲು ಕಡಿಯುತ್ತದೆ, ಹೋದ ವಾರಕ್ಕಿಂತ ಯಾವುದರ ಸದ್ದು ಉದ್ದವಾಗಿದೆ.

ಮೂರನೆಯ ವರ್ಷ ಒಂದು ದಿನ, ಬಿಳಿ ಕಾರಿನ ಚೈನ್ ಹೋಗುತ್ತೆ ನೋಡಿ ಎಂದು ಗಂಡನಿಗೆ ಹೇಳಿದರು. ಮೇಸ್ತ್ರಿ ನಕ್ಕರು. ಬಿಚ್ಚಿದಾಗ ಚೈನನ್ನು ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಮೂರು ತುಂಡಾಗಿ ಆಯಿಲ್ಲಿನಲ್ಲಿ ಬಿದ್ದಿತ್ತು. ಅಂದಿನಿಂದ ನಗು ನಿಂತಿತು, ಬೇರೆ ಒಂದು ರೂಢಿ ಶುರುವಾಯಿತು. ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಗಂಡ ಕೇಳುತ್ತಿದ್ದರು, ಇವರು ಹೇಳುತ್ತಿದ್ದರು. ಒಂಬತ್ತು ಗಂಟೆಗೆ ಶೆಡ್ಡಿನಲ್ಲಿ ಅದೇ ಮಾತು ಗಂಡನ ಬಾಯಿಂದ ಬರುತ್ತಿತ್ತು. ಮೇಸ್ತ್ರಿ ಕಿವಿ ಅಂದ್ರೆ ಕಿವಿ ಎಂದು ಗಿರಾಕಿಗಳು ಕೊಂಡಾಡುವುದು ಅಡಿಗೆಮನೆಗೂ ಕೇಳಿಸುತ್ತಿತ್ತು. ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ. ಒಂದೇ ಮನೆಯ ಹೊಗಳಿಕೆ, ಯಾರ ತಟ್ಟೆಗೆ ಬಿದ್ದರೇನು ಅಂದುಕೊಂಡಿದ್ದರಂತೆ. ಹಾಗೆ ಅಂದುಕೊಳ್ಳುವುದನ್ನು ನಮ್ಮಲ್ಲಿ ಯಾರು ಕಲಿತಿಲ್ಲ?

ಅದು ಮುರಿದದ್ದು ಹೊಗಳಿಕೆಯಿಂದಲ್ಲ, ತಪ್ಪಿನಿಂದ. ಹನ್ನೊಂದು ವರ್ಷದ ಹಿಂದೆ ದರ್ಜಿಯೊಬ್ಬರು ತಮ್ಮ ಕಾರು ಬಿಟ್ಟು ಹೋಗಿದ್ದರು. ಬೆಳಗಿನ ಜಾವ ಇವರು ಹಿತ್ತಲಿನಲ್ಲಿದ್ದಾಗ ಬಂದ ಬಾಡಿಗೆ ಕಾರಿನವನೊಬ್ಬ, ತನ್ನ ಗಾಡಿಗೆ ಜಾಗ ಮಾಡಲು, ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದು ಅದನ್ನು ಚಾಲೂ ಮಾಡಿ ಆರು ಅಡಿ ಹಿಂದೆ ಸರಿಸಿದ್ದ. ಯಾರಿಗೂ ಹೇಳಲಿಲ್ಲ. ಅಷ್ಟು ಸಾಕು, ಆಯಿಲ್ ಮೇಲೇರಿತ್ತು. ಐದೂವರೆಗೆ ಇವರು ಕೇಳಿದಾಗ ಚೈನ್ ಮೌನ. ಚೆನ್ನಾಗಿದೆ ಎಂದರು. ಹನ್ನೊಂದನೆಯ ದಿನ ಏರುರಸ್ತೆಯಲ್ಲಿ ಚೈನ್ ಹಲ್ಲು ಹಾರಿತು. ದರ್ಜಿ, ಅವರ ಹೆಂಡತಿ, ಹಿಂದಿನ ಸೀಟಿನಲ್ಲಿದ್ದ ಹೊಲಿಗೆ ಯಂತ್ರ, ಮೂರೂ ಬಿಸಿಲಲ್ಲಿ ನಿಂತವು. ಯಾರಿಗೂ ಪೆಟ್ಟಾಗಲಿಲ್ಲ. ಎಂಜಿನ್ನು ಮಾತ್ರ ಉಳಿಯಲಿಲ್ಲ.

ಮೇಸ್ತ್ರಿ ದರ್ಜಿಯ ಮುಂದೆ ಕೈಮುಗಿದು, ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದರು. ಹೆಂಡತಿಯನ್ನು ಕಾಪಾಡಿದೆ ಎಂದುಕೊಂಡರು. ಒಳಗಿನ ವಿಷಯ ಗೊತ್ತಿದ್ದ ಬೀದಿಯವರೂ ಎಂಥ ಒಳ್ಳೆ ಗಂಡ ಎಂದರು.

"ಒಳ್ಳೇದನ್ನೆಲ್ಲ ಅವರು ತಗೊಂಡಾಗ ಸುಮ್ನಿದ್ದೆ. ಅವತ್ತು ತಪ್ಪನ್ನೂ ಅವರೇ ತಗೊಂಡ್ರು. ಅದೂ ನಂದಾಗಿತ್ತು. ಹಾಗಾದ್ರೆ ಇಷ್ಟು ವರ್ಷ ಆ ಗೋಡೆ ಪಕ್ಕ ಮಲಗಿದ್ದು ಯಾರು?"

ಮರುದಿನ ಒಬ್ಬರೇ ದರ್ಜಿಯ ಅಂಗಡಿಗೆ ನಡೆದರು. ಕೇಳಿದವಳು ನಾನು, ತಪ್ಪಿದವಳು ನಾನು ಎಂದು ಹೇಳಿ ಬಂದರು. ದರ್ಜಿ ಬೈದರು, ಚೆನ್ನಾಗಿಯೇ ಬೈದರು. ಆ ಬೈಗುಳ ತಮಗೆ ಬಂದ ಮೊದಲ ಸರ್ಟಿಫಿಕೇಟು ಎಂದು ಈಗ ನಗುತ್ತಾರೆ. ಅದೇ ವಾರ ಎರಡು ಬದಲಾವಣೆ ಬಂದವು. ಒಂದು, ಚಕ್ರದ ಮೇಲಿನ ಸೀಮೆಸುಣ್ಣದ ಗೆರೆ. ಇನ್ನೊಂದು, ಕೆಲಸದ ಚೀಟಿಯ ಪುಸ್ತಕದಲ್ಲಿ 'ರಿಪೇರಿ ಮಾಡಿದವರು' ಎಂಬುದರ ಮೇಲೆ ಹೊಸದಾಗಿ ಒಂದು ಸಾಲು: 'ಕೇಳಿದವರು'. ಅಲ್ಲಿ ಅವರ ಸಹಿ. ಮೇಸ್ತ್ರಿ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಒಂದು ಗಾಡಿ ಅರ್ಥವಾಗದೆ ತಾವಾಗಿ ಬಂದು ಕೇಳಿದರು. ಸಹಿ ಹಾಕಿದ ಚೀಟಿಗಳ ಅರವತ್ತಕ್ಕೂ ಹೆಚ್ಚು ಪುಸ್ತಕಗಳು ಈಗ ಕಪಾಟಿನಲ್ಲಿವೆ. ಕಬ್ಬಿಣ ಉಜ್ಜುವ ಗ್ರೈಂಡರಿನ ಪಕ್ಕ ನಲವತ್ತು ವರ್ಷ ನಿಂತ ಮೇಸ್ತ್ರಿಯ ಕಿವಿ ಈಗ ಮುಕ್ಕಾಲು ಮಂದ. ಅದಕ್ಕೇ ಕೀಲಿ ಅವರ ಕೈಯಲ್ಲಿ.

ಈ ಬೆಳಗಿನ ಕಾರು ಒಬ್ಬ ದಾದಿಯದು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಡುವ, ಹುಣ್ಣಿಗೆ ಬಟ್ಟೆ ಕಟ್ಟುವ ಕೆಲಸ. ಆರು ಗಂಟೆಗೆ ಹೊರಟರೆ ಒಂಬತ್ತರೊಳಗೆ ಏಳು ಮನೆ. ಗಾಡಿಗೆ ಹದಿನೇಳು ವರ್ಷ. ಹೆದ್ದಾರಿ ಬದಿಯ ದೊಡ್ಡ ಸರ್ವಿಸ್ ಸೆಂಟರಿನವರು ಮಧ್ಯಾಹ್ನ ನೋಡಿ, ಚೈನ್ ಸೆಟ್ ಪೂರ್ತಿ ಬದಲಾಗಬೇಕು, ಎಂಜಿನ್ ಇಳಿಸಬೇಕು, ಅದಕ್ಕಿಂತ ಗುಜರಿಗೆ ಹಾಕುವುದು ಲೇಸು ಎಂದು ಬರೆದುಕೊಟ್ಟಿದ್ದಾರೆ. ಹೊಸದು ಕೊಳ್ಳುವ ಶಕ್ತಿ ದಾದಿಗಿಲ್ಲ. ಹೋಗಲಿ ಎಂದು ಹೀಗೇ ಓಡಿಸಿ, ಚೈನ್ ನಿಜವಾಗಿಯೂ ಹೋಗಿದ್ದರೆ, ಏರುರಸ್ತೆ ಇವಳಿಗೂ ಇದೆ.

ಸದ್ದಿನ ಬಾಲ ಕತ್ತರಿಸಿದ ಹಾಗಿತ್ತು ಎನ್ನುತ್ತಾರೆ ಗೋಡೆಕಿವಿ. ಆದರೆ ಕಿವಿಯೊಂದನ್ನೇ ನಂಬುವ ಕಾಲ ದರ್ಜಿಯ ಕಾರಿನೊಂದಿಗೆ ಮುಗಿಯಿತು. ಹಗಲಿನಲ್ಲಿ ಹಳೆಯ ಫಿಲ್ಟರನ್ನು ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಮೇಜಿನ ಮೇಲೆ ಹರಡಿ, ಅಕ್ಕಿ ಆರಿಸುವವರಂತೆ ಒಂದೊಂದೇ ಮಡಿಕೆ ಬಿಡಿಸುತ್ತಾರೆ. ಪ್ಲಾಸ್ಟಿಕ್ಕಿನ ಚೂರಿಲ್ಲ, ಲೋಹದ ಮಿನುಗಿಲ್ಲ. ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರಿನ ಬಿಲ್ಲೆಯೂ ಇಲ್ಲ. ಆ ಫಿಲ್ಟರಿಗೆ ಅದನ್ನು ಹಾಕಿಯೇ ಇರಲಿಲ್ಲ. ಮೇಸ್ತ್ರಿ ಎರಡು ಬೋಲ್ಟು ಬಿಚ್ಚಿ ಟೆನ್ಷನರ್ ಹೊರತೆಗೆಯುತ್ತಾರೆ. ಚೈನ್ ಹಿಗ್ಗಿದಷ್ಟೂ ಅದರ ಕಡ್ಡಿ ಹಲ್ಲು ಹಲ್ಲಾಗಿ ಮುಂದೆ ಬಂದಿರಬೇಕು. ಹನ್ನೆರಡರಲ್ಲಿ ಐದೇ ಹಲ್ಲು ಹೊರಗಿದೆ, ಅಂದರೆ ಚೈನ್ ಅಷ್ಟೇನೂ ಹಿಗ್ಗಿಲ್ಲ. ಮೇಸ್ತ್ರಿ ಎಣಿಸಿದ್ದನ್ನು ಇವರು ಮತ್ತೊಮ್ಮೆ ಎಣಿಸುತ್ತಾರೆ.

ಆದರೂ ಮೇಸ್ತ್ರಿಗೆ ಧೈರ್ಯ ಸಾಲದು. ಕಿವಿ ಮಂದವಾದವರ ಗಟ್ಟಿ ದನಿಯಲ್ಲಿ, ಶೆಡ್ಡಿಗೆಲ್ಲ ಕೇಳುವಂತೆ ಹೇಳುತ್ತಾರೆ: "ಸುಮ್ನೆ ಚೈನ್ ಬದಲಾಯಿಸಿಬಿಡೋಣ ಕಣೇ. ದುಡ್ಡು ನಿಧಾನಕ್ಕೆ ಕೊಡ್ಲಿ. ಬದಲಾಯಿಸಿದ್ದಕ್ಕೆ ಯಾರೂ ಬೈಯಲ್ಲ, ಬದಲಾಯಿಸದೆ ಇದ್ದಿದ್ದಕ್ಕೆ ಬೈತಾರೆ."

"ಬೈಸ್ಕೊಳ್ಳೋಕೆ ತಾನೇ ಚೀಟಿಗೆ ಸಹಿ ಹಾಕೋದು?"

"ಮತ್ತೆ ತಪ್ಪಾದ್ರೆ?"

"ಆದ್ರೆ ನಂದು. ಹೆದರಿಕೆಗೆ ಚೈನ್ ಬದಲಾಯಿಸೋದು ರಿಪೇರಿ ಅಲ್ಲ, ಹರಕೆ. ಹರಕೆ ಹೊರೋಕೆ ಅವಳು ನನ್ನ ಹತ್ರ ಬಂದಿಲ್ಲ."

ಮೇಸ್ತ್ರಿ ಪಾನಾ ಎತ್ತಿಕೊಂಡು ಗೊಣಗುತ್ತಾ ಹೋಗುತ್ತಾರೆ. ಸಂಜೆ ಬಿಲ್ಲೆಯಿರುವ ಹೊಸ ಫಿಲ್ಟರು, ಸರಿಯಾದ ದಪ್ಪದ ಆಯಿಲ್ ಹಾಕಿ, ಒಮ್ಮೆ ಓಡಿಸಿ ನಿಲ್ಲಿಸುತ್ತಾರೆ. ಗೋಡೆಕಿವಿ ಮಂಡಿಯೂರಿ ಚಕ್ರದಿಂದ ನೆಲಕ್ಕೆ ಗೆರೆ ಎಳೆಯುತ್ತಾರೆ. ಕೀಲಿಯನ್ನು ಮೊಳೆಗೆ ತೂಗುಹಾಕದೆ ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಮರುದಿನ ಐದೂ ಕಾಲು. ದಾದಿ ಎರಡು ದಿನದಿಂದ ಅಣ್ಣನ ಸ್ಕೂಟರಿನಲ್ಲಿ ತಿರುಗಿ ಮೂಗು ಕೆಂಪಾಗಿಸಿಕೊಂಡಿದ್ದಾಳೆ. ಗೆರೆ ನೆಟ್ಟಗಿದೆ. ಬಾನೆಟ್ಟು ತಣ್ಣಗಿದೆ. ಸ್ಕ್ರೂಡ್ರೈವರಿನ ಹಿಡಿ ಕಿವಿಯ ಹಿಂದಿನ ಮೂಳೆಗೆ. ಕೈ ಏರುತ್ತದೆ, ಮೇಸ್ತ್ರಿ ಕೀಲಿ ಹಿಡಿದು ಕೂತಿದ್ದಾರೆ. ಕೈ ಇಳಿಯುತ್ತದೆ.

ಎಂಜಿನ್ನು ಹೊತ್ತಿಕೊಳ್ಳುತ್ತದೆ. ಅರ್ಧ ಸೆಕೆಂಡು ಏನೋ ಒಂದು ಕೊಸರು. ಆಮೇಲೆ ಬರೀ ಎಂಜಿನ್ನು. ಗೋಡೆಕಿವಿ ಕಿವಿ ತೆಗೆಯುವುದಿಲ್ಲ. ಐದು, ಹತ್ತು, ಇಪ್ಪತ್ತರವರೆಗೆ ಎಣಿಸುತ್ತಾರೆ. ಗೊಣಗಾಟವಿಲ್ಲ. ಮೇಸ್ತ್ರಿಗೆ ಏನೂ ಕೇಳಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ಗೋಡೆಕಿವಿ ಸರಿಯಿದೆ ಎಂದು ಮೆಲ್ಲಗೆ ತಲೆದೂಗುತ್ತಾರೆ.

ಒಂದು ತಿಂಗಳು ಓಡಲಿ, ಆಮೇಲೆ ನೋಡೋಣ ಎಂದು ಮೇಸ್ತ್ರಿ ಸೋಲೊಪ್ಪದೆ ಇಳಿಯುತ್ತಾರೆ. ಓಡಲಿ, ತಿಂಗಳು ಕಳೆದ ಮೇಲೆ ಒಂದು ಸಂಜೆ ತಂದು ಬಿಡು, ಮತ್ತೆ ಕೇಳ್ತೀನಿ ಎಂದು ಗೋಡೆಕಿವಿ ದಾದಿಗೆ ಹೇಳುತ್ತಾರೆ. ಪುಸ್ತಕವನ್ನು ಬಾನೆಟ್ಟಿನ ಮೇಲಿಟ್ಟು, ಎರಡನೆಯ ಪ್ರತಿಗೂ ಮೂಡುವಂತೆ ಪೆನ್ನು ಒತ್ತಿ ಸಹಿ ಹಾಕುತ್ತಾರೆ. ದಾದಿ ಆ ಚೀಟಿಯನ್ನು ಇಂಜೆಕ್ಷನ್ನುಗಳ ಡಬ್ಬಿಯಲ್ಲಿಟ್ಟುಕೊಂಡು ಹೊರಡುತ್ತಾಳೆ. ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೊದಲ ಮನೆಗೆ ತಡವಾಗಲಿಲ್ಲ.

ಮುಂದಿನ ಕಾರಿನ ಚಕ್ರಕ್ಕೆ ಟಾರ್ಚು ಬಿಡುತ್ತಿದ್ದವರನ್ನು ಕೇಳುತ್ತೇನೆ: ಇಷ್ಟು ಮಾಡಿದ್ದೀರಿ, ನಿಮಗೇನು ಬೇಕು? ಬೋರ್ಡಿನ ಮೇಲೆ ಹೆಸರೇ? ಅವರು ಬೇಡವೆಂದು ತಲೆಯಾಡಿಸುತ್ತಾರೆ. ಬೋರ್ಡು ಬಿಸಿಲಿಗೆ ಮಾಸುತ್ತದಂತೆ. ಮಗಳು ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿಸುತ್ತೇನೆ, ನಿದ್ದೆಯಾದರೂ ಬರಲಿ ಎನ್ನುತ್ತಿದ್ದಾಳಂತೆ. ಅದೂ ಬೇಡವಂತೆ.

"ನಾನು ಕಿವಿ ಇಟ್ಟಾಗ ಯಾರೂ ಮಾತಾಡಬಾರದು. ಗಿರಾಕಿ ಆಗಲಿ, ಇವರಾಗಲಿ. ಮೂರೇ ಸೆಕೆಂಡು," ಎಂದು ಎಡಗೈ ಎತ್ತುತ್ತಾರೆ. "ಮಾತಾಡೋಕೆ ಮಿಕ್ಕ ಇಡೀ ದಿನ ಅವರದೇ ಇದೆಯಲ್ಲ."

ಸೀಟಿನಲ್ಲಿ ಕೂತ ಮೇಸ್ತ್ರಿ ಆ ಕೈಯನ್ನೇ ನೋಡುತ್ತಾ ಕಾಯುತ್ತಿದ್ದಾರೆ.