ಒಣಗಿಸಬಾರದ ಕೆಸರು

ನಮ್ಮ ಅರಸೀಕೆರೆ ತಾಲೂಕಿನ ಜಾವಗಲ್ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿತೆಂದರೆ ಟ್ರ್ಯಾಕ್ಟರುಗಳು ಕೆರೆಯೊಳಕ್ಕೇ ಇಳಿಯುತ್ತವೆ. ಬಿಸಿಲಿಗೆ ಬಿರುಕುಬಿಟ್ಟ ಗೋಡುಮಣ್ಣನ್ನು ತಂದು ತೆಂಗಿನ ಬುಡಕ್ಕೆ ಹೊಡೆಯುತ್ತೇವೆ. ಮರ ಚಿಗುರಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದದ್ದಕ್ಕೇ ನನಗೆ ಲೋಕದ ಮಣ್ಣೆಲ್ಲ ಗೊತ್ತೆಂಬ ಕೊಬ್ಬು ಬಂದಿತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ಕುಮಟಾ ಕಡೆಯ ಗೆಳೆಯನ ಮನೆಗೆ ಹೋಗಿದ್ದೆ. ಕಾಲೇಜಿನ ದಿನಗಳಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಅವನ ಅಪ್ಪ ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ಕಡಿದು, ಒಡ್ಡು ಕಟ್ಟಿ, ಸಿಗಡಿ ಹೊಂಡ ಮಾಡಿದ್ದರಂತೆ. ಸಿಗಡಿಗೆ ರೋಗ ಬಂದು ಹೊಂಡ ಪಾಳುಬಿದ್ದಿತ್ತು. ಒಡ್ಡು ಒಡೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಕಾಂಡ್ಲಾ ಮತ್ತೆ ಬೆಳೆದೀತು ಎಂಬುದು ಅವನ ಆಸೆ. ಮೂಲೆಯಲ್ಲಿ ಆಗಲೇ ನಾಲ್ಕಾರು ಸಸಿ ತಲೆಯೆತ್ತಿದ್ದವು.

ನಾನು ಕಪ್ಪು ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇಂಥಾ ಗೋಡು ಇಟ್ಕೊಂಡು ಸಮುದ್ರಕ್ಕೆ ಬಿಡ್ತೀಯೇನ್ಲಾ? ನೀರು ಖಾಲಿ ಮಾಡು, ಒಣಗ್ಸು, ತೆಂಗಿಗೆ ಹಾಕು" ಎಂದೆ. ಅವನು ಅನುಮಾನಿಸಿದ. "ಅರಸೀಕೆರೆಯೋನಿಗೇ ತೆಂಗಿನ ಪಾಠ ಹೇಳ್ತೀಯಾ?" ಎಂದು ಬಾಯಿ ಮುಚ್ಚಿಸಿದೆ. ಪಾಪ, ಹೇಳಿದಂತೆಯೇ ಮಾಡಿದ.

ಕಾಂಡ್ಲಾ ಬೇರಿನ ಕೆಸರಿನಲ್ಲಿ ಗಂಧಕವಿರುತ್ತದೆ, ನೀರಿನಡಿ ಇರುವತನಕ ಅದು ಸುಮ್ಮನಿರುತ್ತದೆ, ಗಾಳಿ ತಾಕಿದರೆ ಆಮ್ಲವಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಒಣಗಿದ ಹೊಂಡದಲ್ಲಿ ಹಳದಿ ಮಚ್ಚೆಗಳೆದ್ದವು. ಮೊದಲ ಮಳೆಗೆ ತುಕ್ಕಿನ ಬಣ್ಣದ ಹುಳಿನೀರು ಹರಿಯಿತು. ತೆಂಗಿನ ಗರಿಗಳು ಕಂದಿದವು. ಮೂಲೆಯ ಆ ಕಾಂಡ್ಲಾ ಸಸಿಗಳಲ್ಲಿ ಒಂದೂ ಉಳಿಯಲಿಲ್ಲ. ಅವನು ಫೋಟೋ ಕಳಿಸಿದ, ಬೈಗುಳ ಕಳಿಸಲಿಲ್ಲ. ಫೋನು ಮಾಡಲು ನನಗೆ ಮುಖವಿರಲಿಲ್ಲ.

ಈಚೆಗೆ ಅವನು ಬೇಲೂರು, ಹಳೇಬೀಡು ನೋಡಿಕೊಂಡು ನಮ್ಮ ಮನೆಗೂ ಬಂದ. ಅಪ್ಪ ತೋಟ ತೋರಿಸುತ್ತಾ, "ನಮ್ಮುಡ್ಗ ಮಣ್ಣು ಮುಟ್ಟಿದ್ರೆ ಸಾಕು, ಅದ್ರ ಜಾತಕ ಹೇಳ್ಬಿಡ್ತಾನೆ ಕಣ್ರೀ. ನಿಮ್ ಕಡೆ ಏನಾದ್ರೂ ಬೇಕಿದ್ರೆ ಇವನ್ನೇ ಕೇಳಿ" ಎಂದರು.

ಗೆಳೆಯ ನನ್ನ ಕಡೆ ನೋಡದೆ, "ಹೌದು, ಕೇಳಿದ್ದೆ" ಎಂದ.

ಭೂಮಿ ಬಾಯಿಬಿಡಬಾರದೇ ಎನಿಸಿತು. ಅಪ್ಪನ ಎದುರು ಆಗಲಾದರೂ ನಿಜ ಹೇಳಬಹುದಿತ್ತು. ಎಳನೀರು ಕೆತ್ತುತ್ತಾ ನಿಂತೆ.

ಬಸ್ಸಿಗೆ ಕಾಯುವಾಗ, "ತಪ್ಪಾಯ್ತು ಕಣೋ" ಎಂದೆ.

"ಮಳೆ ಮುಗಿದ ಮೇಲೆ ಒಡ್ಡು ಒಡೀತೇನೆ. ನೀನೂ ಬಾ ಮಾರಾಯ" ಎಂದ. ಬಸ್ಸು ಹತ್ತಿ, ಕಿಟಕಿಯಿಂದ ಸೇರಿಸಿದ: "ಗುದ್ದಲಿ ಹಿಡಿದ್ರೆ ಸಾಕು. ಬಾಯಿ ಮಾತ್ರ ತೆಗೀಬೇಡ."

ನಾನು ಬಾಯಿ ತೆಗೆಯಲಿಲ್ಲ. ತಲೆಯಾಡಿಸಿದೆ.