ಕ್ವಾಗಾ ಮತ್ತು ಮುಗಿದ ಟೇಪು

ನನ್ನದು ಹುಟ್ಟಿನಿಂದಲೂ ಅರ್ಧ ಕೆಲಸದ ಜಾತಕ. ಈಜು ಅರ್ಧ ಕಲಿತೆ, ತಬಲಾ ಅರ್ಧ ಕಲಿತೆ. ಅಬುಧಾಬಿಗೆ ಬಂದು ಇಷ್ಟು ವರ್ಷವಾದರೂ ನನ್ನ ಅರಬ್ಬಿ ‘ನಡಿ’ ಎನ್ನುವ ‘ಯಲ್ಲಾ’ದಿಂದ ಹೊರಟು ‘ಖಲಾಸ್’ನಲ್ಲಿ ಮುಗಿಯುತ್ತದೆ. ಆದರೆ ಮೊನ್ನೆ ನನ್ನ ಅರ್ಧ ಕೆಲಸವೇ ನಿರ್ವಂಶವಾದ ಒಂದು ಪ್ರಾಣಿಯನ್ನು ನಾವಿರುವ ಖಲೀಫಾ ಸಿಟಿ ಬಡಾವಣೆಗೆ ಕರೆತಂದಿತು ಎಂದರೆ ನಂಬುತ್ತೀರಾ? ನಂಬಲೇಬೇಕು!

ಮಗಳು ಪೂರ್ವಿಗೆ ಶಾಲೆಯಲ್ಲಿ ವೇಷದ ಸ್ಪರ್ಧೆ. “ಝೀಬ್ರಾ ತಾನೇ? ಅಪ್ಪ ಅದಾನ, ಬಿಡು” ಎಂದು ವಾರವಿಡೀ ಮೀಸೆ ತಿರುವಿ, ಸ್ಪರ್ಧೆಯ ದಿನ ಬೆಳಿಗ್ಗೆ ಕತ್ತರಿ ಹಿಡಿದೆ. ಗಲ್ಫಿನವರು ಒಳ್ಳೆಯ ರಟ್ಟಿನ ಪೆಟ್ಟಿಗೆಯನ್ನು ಎಸೆಯುವುದುಂಟೇ? ರಜೆಗೆ ಊರಿಗೆ ಸಾಮಾನು ಒಯ್ಯಲೆಂದು ಹೆಂಡತಿ ಸರೋಜಾ ಕಪಾಟಿನ ಹಿಂದೆ ಜೋಪಾನವಾಗಿಟ್ಟಿದ್ದನ್ನೇ ಎಳೆದು ಕತ್ತರಿಸಿ, ಕಪ್ಪು ಟೇಪಿನ ಪಟ್ಟೆ ಅಂಟಿಸತೊಡಗಿದೆ. ಮೂತಿ ಆಯಿತು, ಕುತ್ತಿಗೆ ಆಯಿತು, ಭುಜ ಆಯಿತು. ಟೇಪೂ ಆಯಿತು! ಹಿಂಭಾಗವೆಲ್ಲ ಬರೀ ಕಂದು ರಟ್ಟು, ಅದರ ಮೇಲೆ ಸರೋಜಾ ಬರೆದಿಟ್ಟ ‘ಧಾರವಾಡ’. ಬಸ್ಸಿಗೆ ಹತ್ತೇ ನಿಮಿಷ.

“ನಾ ಹೋಗಂಗಿಲ್ಲ! ಎವ್ರಿವನ್ ವಿಲ್ ಲಾಫ್!” ಪೂರ್ವಿ ಅಳತೊಡಗಿದಳು.

“ಜನ್ಮದಾಗ ಒಂದರ ಕೆಲಸ ಪೂರಾ ಮಾಡೀರೇನ್ರೀ?” ಎಂದಳು ಸರೋಜಾ.

ಬೆವರುತ್ತ ಮೊಬೈಲಿನಲ್ಲಿ ಅರ್ಧ ಪಟ್ಟೆಯ ಝೀಬ್ರಾ ಹುಡುಕಿದೆ. ಅಬ್ಬಬ್ಬಾ, ಸಿಕ್ಕೇಬಿಟ್ಟಿತು! ಕ್ವಾಗಾ! ದಕ್ಷಿಣ ಆಫ್ರಿಕಾದ ಬಯಲಿನಲ್ಲಿ ಹಿಂಡುಹಿಂಡಾಗಿ ಮೇಯುತ್ತಿದ್ದ ಝೀಬ್ರಾದ ಬಂಧು. ಮುಂದೆ ಪಟ್ಟೆ, ಹಿಂದೆ ಬರೀ ಕಂದು. ಬ್ರಹ್ಮನಿಗೂ ಟೇಪು ಸಾಲದೆ ಬಂದಿತ್ತು! ಕ್ವಾ-ಹಾ ಎಂಬ ಅದರ ಕೂಗೇ ಅದರ ಹೆಸರಾಯಿತಂತೆ. ಅಲ್ಲಿಗೆ ವಲಸೆ ಬಂದ ಬಿಳಿಯರು ಅದನ್ನು ಮಾಂಸಕ್ಕೆ, ತೊಗಲಿಗೆ, ತಮ್ಮ ಕುರಿಗಳ ಹುಲ್ಲು ಉಳಿಯಲಿ ಎಂದು ಕೊಂದರು. ಚರ್ಮದಲ್ಲಿ ಕಾಳಿನ ಚೀಲ ಹೊಲಿದರು. ಕೊನೆಯದು ಯುರೋಪಿನ ಮೃಗಾಲಯವೊಂದರಲ್ಲಿ ಸತ್ತಾಗ, ಅದೇ ಕೊನೆಯದೆಂದು ತಿಳಿಯದೆ, ಇನ್ನೊಂದು ಕಳಿಸಿ ಎಂದು ಕೇಳಿದರಂತೆ.

ಎರಡೇ ನಿಮಿಷದಲ್ಲಿ ಪೂರ್ವಿಗೆ ಕತೆ ಹೇಳಿ, ಕೂಗಲು ಕಲಿಸಿದೆ. “ಕ್ವಾ-ಹಾ! ಕ್ವಾ-ಹಾ!” ಎನ್ನುತ್ತ ನನ್ನ ಕ್ವಾಗಾ ಬೆನ್ನ ಮೇಲೆ ಧಾರವಾಡ ಹೊತ್ತು ಬಸ್ಸು ಹತ್ತಿತು.

ಮಧ್ಯಾಹ್ನ ಬಂದವಳ ಕಣ್ಣು ಹೊಳೆಯುತ್ತಿತ್ತು. ಬಹುಮಾನ ಬರಲಿಲ್ಲ, ಆದರೆ ಇಡೀ ತರಗತಿ ಕ್ವಾ-ಹಾ ಎಂದು ಕೂಗಿತಂತೆ! ಸರೋಜಾ ಅಷ್ಟರಲ್ಲಿ ಕೆಳಗಿನ ಅಂಗಡಿಯಿಂದ ಹೊಸ ಟೇಪು ತಂದಿದ್ದಳು. “ಕೊಡಿಲ್ಲಿ, ನಾನರ ಪೂರಾ ಮಾಡ್ತೀನಿ” ಎಂದಳು.

ಪೂರ್ವಿ ಪೆಟ್ಟಿಗೆಯನ್ನು ಅವಚಿಕೊಂಡಳು. “ಅಮ್ಮಾ, ನೋ! ಕ್ವಾಗಾನ್ನ ಪೂರಾ ಮುಗಿಸಿದ್ರಲ್ಲ, ಆ ಮಂದಿ ಅಪ್ಪನಂಗ ಅರ್ಧಕ್ಕ ಬಿಟ್ಟಿದ್ರ ಚೊಲೋ ಇತ್ತು.”

ಸರೋಜಾ ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಟೇಪನ್ನು ಒಳಗಿಟ್ಟಳು.