ದಂಡೆಯ ಮೇಲಿನ ದಂಡ

ಗ್ರೀಸಿನ ವಾಸನೆಗೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಅದೂ ಯಾದಗಿರಿಯ ಒಂದು ಜಿಮ್ಮಿನಲ್ಲಿ, ಸೇರಿದ ಮೊದಲನೆಯ ದಿನ, ಬೆಳ್ಳಂಬೆಳಗ್ಗೆ. ಕಲಿಸುವ ಹುಡುಗ ಯಾವುದೋ ಯಂತ್ರದ ಗಾಲಿಗೆ ಬೆರಳಿನಿಂದ ಕರಿ ಗ್ರೀಸು ಸವರುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿ ಬಂದವು. ಹುಡುಗ ಗಾಬರಿಯಾಗಿ, "ಯಾಕ್ರೀ ಮೇಡಂ, ಎಲ್ಲೆರ ಹಿಡಕೊಂತೇನ್ರಿ?" ಎಂದು ಕೇಳಿದ. ಬೆವರು ಕಣ್ಣಿಗೆ ಹೋಯಿತು ಅಂತ ಸುಳ್ಳು ಹೇಳಿದೆ. ಇನ್ನೂ ಬೆವರುವಂಥದ್ದು ಏನೂ ಮಾಡಿರಲಿಲ್ಲ, ಅದು ಬೇರೆ ಮಾತು.

ಐವತ್ತು ದಾಟಿದ ಹೆಂಗಸು ಜಿಮ್ಮು ಸೇರುವುದೆಂದರೆ ನಗೆಪಾಟಲೇ ಸರಿ. ಪೊಲೀಸ್ ಕೆಲಸದಲ್ಲಿ ನಿಂತೂ ನಿಂತೂ ಮೊಣಕಾಲು ಹೋಗಿವೆ, ಶುಗರ್ ಬಂದು ಮನೆ ಮಾಡಿದೆ. ಡಾಕ್ಟರು ಹೇಳಿದರು, ಮಗಳು ಬೂಟು ತಂದುಕೊಟ್ಟಳು, ಹೋದೆ. ಅಲ್ಲಿ ಎಲ್ಲರೂ ನನ್ನನ್ನು ಹೊಸಬಳು ಅಂದುಕೊಂಡರು. ನಾನು ಹೊಸಬಳಾಗಿದ್ದದ್ದು ಸಗರದ ಹತ್ತಿರದ ಕಾಲುವೆಯ ದಂಡೆಯ ಮೇಲೆ, ಅಣ್ಣನ ಪಾಯಜಾಮ ಹಾಕಿಕೊಂಡು, ಬರಿಗಾಲಲ್ಲಿ...

ಆಗ ನಮ್ಮ ಕಡೆ ಕಾಲುವೆ ಬಂದು ಬಹಳ ವರ್ಷ ಆಗಿರಲಿಲ್ಲ. ಜೋಳ ಬೆಳೆಯುತ್ತಿದ್ದವರು ಭತ್ತದ ಮಾತಾಡತೊಡಗಿದ್ದರು. ಕಾಲುವೆಗೆ ಒಂದು ಗೇಟು, ಗೇಟಿನ ಬದಿಗೆ ಇಲಾಖೆಯವರ ಒಂದು ಸಣ್ಣ ಕ್ವಾರ್ಟರ್ಸ್, ಅದರಲ್ಲಿ ಗೇಟು ತಿರುಗಿಸಿ ನೀರು ಬಿಡುವ ಲಸ್ಕರ್ ಇರುತ್ತಿದ್ದರು. ಊರಿಗೆಲ್ಲ ಅವರು ಗೇಟಿನ ಕಾಕಾ. ಗೇಟಿನ ಉದ್ದನೆಯ ಕಬ್ಬಿಣದ ತಿರುಪಿಗೆ ಯಾವಾಗಲೂ ಗ್ರೀಸು ಹಚ್ಚುತ್ತಿದ್ದರು. ಅವರ ಅಂಗಿ, ಟವೆಲ್ಲು, ಕೊನೆಗೆ ಅವರು ಕೊಡುತ್ತಿದ್ದ ಶೇಂಗಾ ಕೂಡ ಅದೇ ವಾಸನೆ.

ನಾನು ಪಿಯುಸಿ ಮುಗಿಸಿದ ವರ್ಷ. ಹೆಣ್ಣುಮಕ್ಕಳನ್ನೂ ಪೊಲೀಸಿಗೆ ತೆಗೆದುಕೊಳ್ಳುತ್ತಾರೆ ಅಂತ ಶಹಾಪುರದ ಕಾಲೇಜಿನಲ್ಲಿ ಸುದ್ದಿ ಹಬ್ಬಿತ್ತು. ಅರ್ಜಿ ಹಾಕಿಬಿಟ್ಟೆ. ಮನೆಯಲ್ಲಿ ರಂಪವೋ ರಂಪ. ಸುರಪುರದಲ್ಲಿದ್ದ ಅವ್ವನ ತಮ್ಮನ ಜೊತೆ ನನ್ನ ಲಗ್ನ ಮಾಡುವುದು ಎಂದೋ ಮಾತಾಗಿತ್ತು. ಮಾವ ಕೆಟ್ಟವನೇನಲ್ಲ, ಆದರೆ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮೂಗು ಒರೆಸಿದವನು. ಅಂಥವನನ್ನು ಗಂಡ ಅಂತ ಹೇಗೆ ನೋಡುವುದು? ಮೂರು ದಿನ ಅನ್ನ ಬಿಟ್ಟೆ. ಕೊನೆಗೆ ಅಪ್ಪ, "ಒಂದು ಸಲ ನೋಡು. ಆಗಲಿಲ್ಲಂದ್ರ ಸುಮ್ನ ತಲಿಮ್ಯಾಲ ಅಕ್ಕಿಕಾಳು ಹಾಕಿಸ್ಕೋ" ಅಂದ. ಒಂದೇ ಒಂದು ಸಲ. ಓಟ, ಜಿಗಿತ, ಗುಂಡು ಎಸೆತ, ಮೂರರಲ್ಲೂ ಪಾಸಾಗಬೇಕು. ನನಗೋ ಕಳೆ ತೆಗೆಯುವುದು, ಕೊಡ ಹೊರುವುದು ಬಿಟ್ಟರೆ ಏನೂ ಗೊತ್ತಿರಲಿಲ್ಲ.

ಮರುದಿನವೇ ಕಾಲುವೆಯ ರಸ್ತೆಯ ಮೇಲೆ ಓಡತೊಡಗಿದೆ. ಗೇಟು ದಾಟುವಷ್ಟರಲ್ಲಿ ಎದೆ ಹೊಡೆದುಕೊಂಡು ನಿಂತುಬಿಟ್ಟೆ. ಬೇವಿನಕಡ್ಡಿ ಜಗಿಯುತ್ತ ಕೂತಿದ್ದ ಕಾಕಾ ಅಲ್ಲಿಂದಲೇ ಕೂಗಿದರು.

"ಏ ತಂಗಿ, ಓಡಾಕತ್ತೀಯೋ, ಯಾರರೆ ಬೆನ್ನ ಹತ್ಯಾರೋ?"

ಸಿಟ್ಟು ಬಂತು. "ಪೊಲೀಸ್ ಆಗಾಕ ಓಡಾಕತ್ತೀನ್ರಿ" ಅಂದೆ, ಏದುಸಿರಿನಲ್ಲೇ.

"ಹಿಂಗ ಓಡಿದ್ರ ಕಳ್ಳರೇ ನಿನ್ನ ಎತ್ತಿಕೊಂಡು ಠಾಣೇಕ್ಕ ಮುಟ್ಟಸ್ತಾರ" ಅಂದರು. ನಗಲಿಲ್ಲ. ಕಡ್ಡಿ ಉಗುಳಿ ಎದ್ದು ಬಂದು, ನನ್ನ ಪಾದ, ಮೊಣಕಾಲು, ಭುಜ ಎಲ್ಲ ದೂರದಿಂದಲೇ ಎತ್ತಿನ ಸಂತೆಯಲ್ಲಿ ನೋಡುವ ಹಾಗೆ ನೋಡಿದರು. "ನಾಳೆ ಬಾ. ಬರೂವಾಗ ಸಲಿಕಿ ತಗೊಂಡ ಬಾ" ಅಂದರು.

ಆಮೇಲೆ ಅವ್ವನಿಂದ ತಿಳಿಯಿತು, ಕಾಕಾ ಒಂದು ಕಾಲಕ್ಕೆ ಕುಸ್ತಿಯ ವಸ್ತಾದರು. ನಾರಾಯಣಪುರದ ಡ್ಯಾಮು ಕಟ್ಟಿದಾಗ ಅವರ ಊರು ಹಿನ್ನೀರಿನಲ್ಲಿ ಹೋಯಿತು. ಊರಿನ ಜೊತೆ ಅವರ ತಾಲೀಮೂ ಹೋಯಿತು, ಅಂದರೆ ಅವರು ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ಗರಡಿಮನೆ. ಶಿಷ್ಯರು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋದರು. ಮುಳುಗಡೆಯವರಿಗೆ ಕೊಡುವ ನೌಕರಿಯಲ್ಲಿ ಇವರಿಗೆ ಸಿಕ್ಕಿದ್ದು ಅದೇ ಡ್ಯಾಮಿನ ನೀರಿಗೆ ಗೇಟು ತಿರುಗಿಸುವ ಕೆಲಸ. ಇದನ್ನು ಅವರ ಬಾಯಿಂದ ನಾನು ಕೇಳಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಸಲಿಕೆ ಯಾಕೆ ಅಂತ ಮರುದಿನ ತಿಳಿಯಿತು. ತಾಲೀಮಿಗೆ ಹೊಸದಾಗಿ ಬಂದವರು ಮೊದಲು ಮಣ್ಣು ಅಗಿದು ಹದ ಮಾಡಬೇಕಂತೆ. ಮೈಗೆ ಮಣ್ಣಿನ ಪರಿಚಯ ಆಗದೆ ಸಾಮು ಇಲ್ಲ. ದಂಡೆಯ ಕೆಳಗೆ ಒಂದಿಷ್ಟು ಜಾಗ ತೋರಿಸಿ, "ಅಗಿ, ಹರಳ ಆರಿಸು, ಹಿಟ್ಟ ಮಾಡಿದಂಗ ಮಾಡು" ಅಂದರು. ವಾರಗಟ್ಟಲೆ ಅದೇ ಕೆಲಸ. ಒಂದು ದಿನ ತಡೆಯಲಾರದೆ, "ನಾ ಪೊಲೀಸ್ ಆಗಾಕ ಬಂದೀನೋ, ಕೂಲಿಗೆ ಬಂದೀನೋ ಕಾಕಾ?" ಅಂತ ಕೇಳಿಯೇಬಿಟ್ಟೆ. "ಕೂಲಿಯವ್ರು ನಿನಗಿಂತ ಚಂದ ಅಗೀತಾರ. ಸೊಂಟ ಬಗ್ಗಿಸು" ಅಂದರು. ಜಿಗಿಯಲು ಹೊಂಡ ಸಿದ್ಧವಾಗಿತ್ತು, ನನ್ನ ಕೈ ರಟ್ಟೆಗಳೂ ಸಿದ್ಧವಾಗಿದ್ದವು. ಅದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಹೆಣ್ಣುಮಗಳಿಗೆ ಕಲಿಸಿದ್ದು ಅವರಿಗೂ ಅದೇ ಮೊದಲು. ತಾಲೀಮಿನೊಳಗೆ ಹೆಂಗಸರು ಕಾಲಿಡುವ ಹಾಗಿರಲಿಲ್ಲ. ಯಾರೋ ಅದನ್ನು ಎತ್ತಿ ಆಡಿದಾಗ, "ಇದೇನು ತಾಲೀಮಲ್ಲ, ಕಾಲುವಿ. ಕಾಲುವಿಗೆ ಎಲ್ಲಾರೂ ಬರ್ತಾರ" ಅಂತ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ನನ್ನನ್ನು ಒಮ್ಮೆಯೂ ಮುಟ್ಟಲಿಲ್ಲ. ಕೈಯಲ್ಲಿ ಒಂದು ಜಾಲಿಯ ಕೋಲು ಹಿಡಿದು, ಅದರ ತುದಿಯಿಂದ ನೆಲದ ಮೇಲೆ ಗೀಟು ಎಳೆದು, ಕಾಲು ಇಲ್ಲಿ, ಕೈ ಇಲ್ಲಿ ಅಂತ ತೋರಿಸುತ್ತಿದ್ದರು. ಬೈಗುಳ ಮಾತ್ರ ಧಾರಾಳ. "ಎಮ್ಮಿ ನೀರಾಗ ಬಿದ್ದಂಗ ಬೀಳ್ತೀಯಲ್ಲವಾ!" ಅನ್ನುವುದು ಅದರಲ್ಲೇ ಮೆತ್ತಗಿನದು.

ಹೊಂಡ ಆದ ಮೇಲೆ ಒಂದು ಸಂಜೆ ಅಂದರು, "ನಿಮ್ಮಪ್ಪಗ ಹೇಳು. ನಾಳಿಯಿಂದ ದಂಡ ಸುರು ಮಾಡ್ತೀನಿ ಅಂತ."

ದಂಡ ಅಂದರೆ ತಾಲೀಮಿನ ಮಾತಿನಲ್ಲಿ ಕೈ ಊರಿ, ಎದೆ ನೆಲಕ್ಕೆ ತಾಗುವಂತೆ ಇಳಿದು ಏಳುವ ಸಾಮು. ನನಗೂ ಅದು ಗೊತ್ತಿರಲಿಲ್ಲ. ಮನೆಗೆ ಹೋಗಿ, ಅಪ್ಪ ರೊಟ್ಟಿ ಮುರಿಯುತ್ತಿದ್ದಾಗ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅಪ್ಪನ ಮುಖ ಬಿಳುಚಿತು. ರೊಟ್ಟಿ ತಾಟಿನಲ್ಲಿ ಬಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಹೊಲದ ಕಡೆ ಓಡಿದ. ನಾನೂ ಹಿಂದಿನಿಂದಲೇ ಓಡಿದೆ. ನೋಡಿದರೆ ಏನು! ದಂಡೆಯ ಮೇಲಿನ ಜಾಲಿಕಂಟಿ ಸರಿಸಿ, ಕಾಲುವೆಯೊಳಗಿನಿಂದ ಉದ್ದನೆಯ ರಬ್ಬರ್ ಪೈಪು ಎಳೆಯುತ್ತಿದ್ದಾನೆ. ಕಾಲುವೆಯ ಬುಡದಲ್ಲೇ ಹೊಲವಿದ್ದರೂ ನಮ್ಮ ಪಾಳಿಯ ನೀರು ಬರುತ್ತಿದ್ದದ್ದು ಎಂದೋ ಒಂದು ದಿನ. ಮೆಣಸಿನಗಿಡ ಒಣಗುತ್ತವೆ ಅಂತ ಅಪ್ಪ ಯಾರಿಗೂ ಕಾಣದ ಹಾಗೆ ಪೈಪು ಇಳಿಬಿಟ್ಟಿದ್ದ. ನಮ್ಮ ಊರಲ್ಲಿ ಆಗ ದಂಡ ಎಂದರೆ ಒಂದೇ ಅರ್ಥ, ಕಾಲುವೆ ನೀರು ಕದ್ದವರಿಗೆ ಇಲಾಖೆಯವರು ಹಾಕುವ ದಂಡ.

ಪೈಪು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಅಪ್ಪ ಸೀದಾ ಕಾಕಾನ ಬಾಗಿಲಿಗೆ ಹೋಗಿ ಕೈಮುಗಿದ.

"ತಪ್ಪಾತ್ರಿ. ಪೈಪ ತಂದೀನಿ, ನೋಡ್ರಿ. ದಂಡ ಒಂದು ಹಾಕಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

ಕಾಕಾ ಪಿಳಿಪಿಳಿ ನೋಡಿದರು. "ಯಾವ ಪೈಪೋ?"

ಅಪ್ಪ ನನ್ನ ಮುಖ ನೋಡಿದ. ನಾನು ಕಾಕಾನ ಮುಖ ನೋಡಿದೆ. ಕಾಕಾ ಪೈಪಿನ ಕಡೆ ನೋಡಿ, ಅದರ ತುದಿಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರು ನೋಡಿ, ಆಮೇಲೆ ನಗಲು ಸುರು ಮಾಡಿದರು ನೋಡಿ... ಆ ಮನುಷ್ಯ ಹಾಗೆ ನಕ್ಕಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು.

"ಮಗಳು ಪೊಲೀಸ್ ಆಗತಾಳ, ಅಪ್ಪ ನೀರ ಕಳವು ಮಾಡತಾನ! ಮೊದಲನೇ ಕೇಸು ಮನ್ಯಾಗೇ ಸಿಕ್ತಲ್ಲವಾ ತಂಗಿ!"

ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು. ನಗೆ ನಿಂತ ಮೇಲೆ ಕಾಕಾ ಕಣ್ಣು ಒರೆಸಿಕೊಂಡು ಗಂಭೀರವಾದರು. "ಪೈಪ ಇಲ್ಲೇ ಇಟ್ಟ ಹೋಗು. ಇನ್ನೊಮ್ಮಿ ಕಂಡ್ರ ಸಾಹೇಬರಿಗಿ ನಾನೇ ಹೇಳ್ತೀನಿ. ಆದ್ರ ದಂಡ ಬಿಡಂಗಿಲ್ಲ. ನಿನ್ನ ದಂಡ ನಿನ್ನ ಮಗಳು ಹೊಡೀತಾಳ, ದಿನಾ ಮುಂಜಾನಿ. ನಡುವ ಬಿಡಿಸಿದಿ ಅಂದ್ರ ನೋಡು ಮತ್ತ."

ಹೀಗೆ ಅಪ್ಪನ ತಪ್ಪಿಗೆ ನಾನು ದಂಡ ಹೊಡೆಯತೊಡಗಿದೆ. ಸುರುವಿಗೆ ಒಂದು ಹೊಡೆದು ಬೋರಲು ಬೀಳುತ್ತಿದ್ದೆ. "ಇದ್ಯಾಕವಾ, ನಿಮ್ಮಪ್ಪ ಒಂದೇ ಹನಿ ಕುಡಿಸಿದ್ನೇನು ಮೆಣಸಿನಗಿಡಕ್ಕ?" ಅಂತ ಕಾಕಾ ಚುಚ್ಚುತ್ತಿದ್ದರು. ಅವ್ವ ಲಗ್ನದ ಮಾತು ಎತ್ತಿದಾಗಲೆಲ್ಲ ಅಪ್ಪನೇ ಅಡ್ಡ ಬರುತ್ತಿದ್ದ. "ಸುಮ್ನಿರು. ಅಕಿ ದಂಡ ಮುಗೀಲಿ." ಅಂಜಿಕೆಗೋ, ನಾಚಿಕೆಗೋ, ಅಥವಾ ನಾನು ನಿಜಕ್ಕೂ ಬಲಿಯುತ್ತಿದ್ದುದನ್ನು ನೋಡಿಯೋ... ಕೇಳಬೇಕಾಗಿತ್ತು. ಈಗ ಅಪ್ಪನೂ ಇಲ್ಲ.

ಓಟ ಬಂತು, ಜಿಗಿತ ಬಂತು, ಗುಂಡು ಮಾತ್ರ ಕೈಗೆ ಬರಲೊಲ್ಲದು. ಕಾಕಾ ಕಾಲುವೆ ಕೆಲಸದಲ್ಲಿ ಉಳಿದ ಒಂದು ದುಂಡನೆಯ ಕಲ್ಲು ಹುಡುಕಿ ಕೊಟ್ಟಿದ್ದರು. ಎಸೆದರೆ ನನ್ನ ಕಾಲ ಬುಡದಲ್ಲೇ ಬೀಳುತ್ತಿತ್ತು. ಪರೀಕ್ಷೆಗೆ ಹೊರಡುವ ಹಿಂದಿನ ದಿನವೂ ಅದೇ ಕತೆ. ನಾನು ಅಲ್ಲೇ ಕುಸಿದು ಅಳತೊಡಗಿದೆ. ಮಾವ, ಸುರಪುರ, ಲಗ್ನ, ಎಲ್ಲ ಕಣ್ಣ ಮುಂದೆ ಬಂದು ನಿಂತವು. ಕಾಕಾ ಸಮಾಧಾನ ಮಾಡುವ ಮನುಷ್ಯ ಅಲ್ಲ. ಕೋಲಿನಿಂದ ನೆಲ ಕುಟ್ಟಿದರು. "ಕೈಲಿಂದ ಒಗೀತಿ ನೀನು. ಕೈಯಾಗ ಏನದ? ಬಳಿ ಅದಾವ. ನೆಲದಾಗಿಂದ ಒಗಿ. ಹಿಮ್ಮಡಾ ಒತ್ತು, ಅಲ್ಲಿಂದ ತಗೋ." ಅಷ್ಟು ಹೇಳಿ ಗೇಟಿನ ಕಡೆ ಹೋದರು. ನೀರು ಬಿಟ್ಟ ದಿನಗಳು ಅವು. ನನ್ನ ಜೊತೆ ಕಲಬುರಗಿಗೆ ಬರಲು ಅವರಿಗೆ ಆಗುವಂತಿರಲಿಲ್ಲ.

ಕಲಬುರಗಿಯ ಮೈದಾನದಲ್ಲಿ ನನ್ನ ಮೊದಲ ಎಸೆತಕ್ಕೆ ಕಾಲು ಗೆರೆ ದಾಟಿತು. ಎರಡನೆಯದು ಗುರುತಿಗಿಂತ ಈಚೆ ಬಿತ್ತು. ಉಳಿದದ್ದು ಒಂದೇ. ಹಿಮ್ಮಡಿ ನೆಲಕ್ಕೆ ಒತ್ತಿದೆ, ಕಣ್ಣು ಮುಚ್ಚಿದೆ. ಗುಂಡು ಎಲ್ಲಿ ಬಿತ್ತು ಅಂತ ನೋಡುವ ಧೈರ್ಯ ಆಗಲಿಲ್ಲ. ಪಕ್ಕದ ಹುಡುಗಿ "ಆತು, ಆತು!" ಅಂತ ಕೂಗಿ ನನ್ನನ್ನು ಹಿಡಿದುಕೊಂಡಳು.

ಶಹಾಪುರದ ಬಸ್ಸು ಇಳಿದು, ಮನೆಗೆ ಹೋಗದೆ ಗೇಟಿಗೆ ಹೋದೆ. ಕಾಕಾ ತಿರುಪು ತಿರುಗಿಸುತ್ತಿದ್ದರು. "ಆತ್ರಿ ಕಾಕಾ" ಅಂದೆ. ಅವರು ತಿರುಗಿಸುವುದು ನಿಲ್ಲಿಸಲಿಲ್ಲ. ಗೇಟು ಪೂರ್ತಿ ಇಳಿದ ಮೇಲೆ ಕೈ ಒರೆಸಿಕೊಂಡು, ನೀರಿನ ಕಡೆ ಮುಖ ಮಾಡಿ ಕೂತರು. ಅದೊಂದೇ ಸಲ ತಮ್ಮ ಊರಿನ ಮಾತು ಎತ್ತಿದರು.

"ನಮ್ಮ ತಾಲೀಮಿನಾಗ ಎಂಥೆಂಥಾ ಗಂಡಸರು ತಯಾರಾದ್ರವಾ... ಎಲ್ಲಾ ನೀರಾಗ ಹೋತು ಅಂದ್ಕೊಂಡಿದ್ದೆ. ಒಂದು ಹುಡುಗಿ ಉಳೀತು ನೋಡು."

ನಾನು ಕಾಲಿಗೆ ಬಿದ್ದೆ. ಏಳು, ಏಳು, ಬಟ್ಟೆಗೆ ಗ್ರೀಸು ಹತ್ತುತ್ತದೆ ಅಂತ ಗದರಿಸಿದರು.

ನೌಕರಿ ಸಿಕ್ಕಿತು. ಮಾವ ಬೇರೆ ಹುಡುಗಿಯನ್ನು ಮಾಡಿಕೊಂಡು ಸುಖವಾಗಿದ್ದಾನೆ, ನನ್ನ ಕಂಡರೆ ಈಗಲೂ ಅಣಕಿಸಿ ಸಲ್ಯೂಟು ಹೊಡೆಯುತ್ತಾನೆ. ಕಾಕಾ ನಿವೃತ್ತರಾಗಿ ಮುಳುಗಡೆಯವರಿಗೆ ಕಟ್ಟಿಕೊಟ್ಟ ಹೊಸ ಊರಿಗೆ ಹೋದರು. ರಜೆ ಸಿಕ್ಕಾಗ ಹೋಗಿ ಕಂಡು ಬರುತ್ತಿದ್ದೆ. ಒಳಗೆ ಕರೆಯುವ ಮೊದಲೇ ನನ್ನ ಮೈ ಕಡೆ ನೋಡಿ, "ಕುಂತು ತಿನ್ನಾಕತ್ತೀಯೇನು?" ಅನ್ನುತ್ತಿದ್ದರು.

ಅವರು ಹೋದ ಸುದ್ದಿ ಬಂದಾಗ ನಾನು ಬೀದರಿನ ಕಡೆ ಚುನಾವಣೆಯ ಬಂದೋಬಸ್ತಿನಲ್ಲಿದ್ದೆ. ಮತಗಟ್ಟೆಯ ಬಾಗಿಲಲ್ಲಿ ನಿಂತಿದ್ದೆ, ಮುಂದೆ ಜನರ ಸಾಲು. ಬಿಟ್ಟು ಹೋಗುವ ಹಾಗಿರಲಿಲ್ಲ. ಸಂಜೆ ಪೆಟ್ಟಿಗೆಗಳನ್ನು ಕಳಿಸಿ, ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವರು ಕೊಡಿಸಿದ ನೌಕರಿಯೇ ಅವರ ಮಣ್ಣಿಗೆ ಹೋಗಗೊಡಲಿಲ್ಲ. ಕಾಕಾನ ಹೆಂಡತಿ ನನ್ನ ಕೈ ಹಿಡಿದು, "ಡ್ಯೂಟಿ ಬಿಟ್ಟ ಬಂದಿದ್ರ ಎದ್ದು ಕುಂತು ಬೈತಿದ್ರವಾ" ಅಂದರು. ಇಬ್ಬರೂ ನಗುತ್ತ ಅತ್ತೆವು.

ಜಿಮ್ಮಿನ ಹುಡುಗ ಕೊನೆಗೆ, "ಮೇಡಂ, ಆದ್ರ ಒಂದು ಪುಶ್‌ಅಪ್ ನೋಡ್ರಿ, ಬ್ಯಾಡಂದ್ರ ಬಿಡ್ರಿ" ಅಂದ. ಕೈ ಊರಿದೆ. ಮೂರು ದಂಡ ಹೊಡೆದೆ. ಮೂರನೆಯದಕ್ಕೆ ತೋಳು ನಡುಗಿ, ಸೊಂಟ ಜೋತುಬಿದ್ದು, ಎದೆ ನೆಲಕ್ಕೆ ಮುಟ್ಟದೆ ಅರ್ಧಕ್ಕೇ ಮೈ ಎತ್ತಿಬಿಟ್ಟೆ. ಎದುರಿನ ದೊಡ್ಡ ಕನ್ನಡಿಯಲ್ಲಿ ಎಲ್ಲ ನನಗೇ ಕಾಣುತ್ತಿತ್ತು.

"ಸೂಪರ್ ಮೇಡಂ!" ಅಂದ ಹುಡುಗ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು.

ನಾನು ಸ್ವಲ್ಪ ಹೊತ್ತು ಹಾಗೇ ನೆಲದ ಮೇಲೆ ಇದ್ದೆ. ಯಾರೂ ಬೈಯಲಿಲ್ಲ.